ಫುಟ್‌ಪಾತ್ ಮೇಲೆ ನಾಲ್ಕು ಟೇಬಲ್: ನ್ಯೂಯಾರ್ಕ್ ಲೈಸೆನ್ಸ್ ಕೊಡುವುದು ಹೇಗೆ, ಮೇಲ್ಮಹಡಿಯವರ ನಿದ್ದೆ ಕೆಡುವುದು ಹೇಗೆ

[ದೃಶ್ಯ: ಹೋಟೆಲಿನ ಗೋಡೆಯಿಂದ ರಸ್ತೆಯಂಚಿನ ಕಲ್ಲಿನವರೆಗೆ ಅಳತೆ ಟೇಪು ಬಿಚ್ಚಿಕೊಳ್ಳುತ್ತಿದೆ]

ಮ್ಯಾನ್‌ಹಟನ್‌ನ ಲೆಕ್ಸಿಂಗ್ಟನ್ ಅವೆನ್ಯೂನಲ್ಲಿ, 28ನೇ ಬೀದಿಯ ಆಸುಪಾಸಿನಲ್ಲಿ ಇಡ್ಲಿ-ದೋಸೆ ಸಿಗುವ ಹೋಟೆಲುಗಳಿವೆ. ಅಂಥದ್ದೊಂದು ಹೋಟೆಲಿನವರು ಬೇಸಿಗೆಗೆ ಹೊರಗೆ ನಾಲ್ಕು ಟೇಬಲ್ ಹಾಕೋಣ ಅಂತ ಹೊರಟರು ಎಂದಿಟ್ಟುಕೊಳ್ಳಿ. ಕೆಳಗೆ ಹೋಟೆಲು, ಮೇಲೆ ಐದು ಅಂತಸ್ತು ಮನೆಗಳು. ಟೇಬಲ್ ಹಾಕುವವರು ಏನೇನು ದಾಟಬೇಕು, ಮೇಲೆ ಮಲಗುವವರ ಕೈಯಲ್ಲಿ ಏನಿದೆ? ಎರಡನ್ನೂ ನೋಡೋಣ.

2020ಕ್ಕೆ ಮುಂಚೆ ನಗರದ ವಲಯ ನಿಯಮಗಳೇ ಎಷ್ಟೋ ಬೀದಿಗಳಲ್ಲಿ ಫುಟ್‌ಪಾತ್ ಕೆಫೆಗೆ ಅಡ್ಡಿಯಾಗಿದ್ದವು. ಆ ವರ್ಷದ ಜೂನ್‌ನಲ್ಲಿ ಕೋವಿಡ್ ಕಾರಣಕ್ಕೆ ತುರ್ತು ಅನುಮತಿ ಬಂತು. ಸಾವಿರಾರು ಹೋಟೆಲುಗಳು ಬೀದಿಗಿಳಿದವು, ರಸ್ತೆಯಲ್ಲೇ ಮರದ ಶೆಡ್ಡುಗಳು ಎದ್ದವು, ಹಿಂದೆಯೇ ಇಲಿಗಳ ದೂರು, ಗದ್ದಲದ ದೂರು, ಕೋರ್ಟು ಕೇಸು. ಕೊನೆಗೆ 2023ರಲ್ಲಿ ಸ್ಥಳೀಯ ಕಾನೂನು 121 ಬಂದು ‘ಡೈನಿಂಗ್ ಔಟ್ ಎನ್‌ವೈಸಿ’ ಅನ್ನುವ ಕಾಯಂ ಯೋಜನೆಯಾಯಿತು. ಇದನ್ನು ನಡೆಸುವುದು ಸಾರಿಗೆ ಇಲಾಖೆ. ಆರೋಗ್ಯ ಇಲಾಖೆಯಲ್ಲ, ಪೊಲೀಸರೂ ಅಲ್ಲ. ಫುಟ್‌ಪಾತ್ ಮೊದಲು ನಡೆಯುವ ಜಾಗ, ಆಮೇಲೆ ಊಟದ ಜಾಗ ಅನ್ನುವುದು ಇಲ್ಲೇ ಗೊತ್ತಾಗುತ್ತದೆ.

[ದೃಶ್ಯ: ಫುಟ್‌ಪಾತಿನ ಅಡ್ಡ ಸೀಳು ಚಿತ್ರ. ಗೋಡೆ, ಟೇಬಲ್, ನಡೆಯುವ ದಾರಿ, ಮರ, ರಸ್ತೆ]

ಅರ್ಜಿಗೆ ಮುಂಚೆ ಟೇಪು ಹಿಡಿಯಿರಿ. ಪಾದಚಾರಿಗೆ ಬಿಡಬೇಕಾದ ಅಡೆತಡೆಯಿಲ್ಲದ ದಾರಿ ಬೀದಿಯ ದರ್ಜೆಯ ಮೇಲೆ 8 ಅಡಿ, 10 ಅಡಿ ಅಥವಾ 12 ಅಡಿ. ನಿಮ್ಮ ಬೀದಿ ಯಾವ ದರ್ಜೆ ಅನ್ನುವುದನ್ನು ನಗರದ ನಕ್ಷೆ ಹೇಳುತ್ತದೆ, ನಿಮ್ಮ ಅಂದಾಜು ಅಲ್ಲ. ಎಲ್ಲರೂ ಎಡವುವುದು ಇಲ್ಲೇ: ಗೋಡೆಯಿಂದ ರಸ್ತೆಯಂಚಿಗೆ 15 ಅಡಿ ಇದೆ, 8 ಕಳೆದರೆ 7 ಅಡಿ ನಮ್ಮದು ಅಂತ ಲೆಕ್ಕ ಹಾಕುತ್ತಾರೆ. ಆದರೆ ರಸ್ತೆಯಂಚಿನಲ್ಲಿ ಮರದ ಗುಂಡಿ ಇದೆ. ಅದು 5 ಅಡಿ ಅಗಲ ತಿಂದರೆ ಉಳಿದದ್ದು 10. ಅದರಲ್ಲಿ ದಾರಿಗೆ 8 ಕೊಟ್ಟ ಮೇಲೆ ಕೆಫೆಗೆ 2 ಅಡಿ. ಎರಡಡಿಯಲ್ಲಿ ಕುರ್ಚಿ ಇಡಬಹುದು, ಕೂತವರ ಮೊಣಕಾಲು ಇಡಲಾಗದು. ಹೀಗಾಗಿ ಅಳತೆ ರಸ್ತೆಯಂಚಿನವರೆಗಲ್ಲ, ಹತ್ತಿರದ ಅಡ್ಡಿಯವರೆಗೆ. ದೀಪದ ಕಂಬ, ಸೈಕಲ್ ಸ್ಟ್ಯಾಂಡ್, ಬಸ್ ತಂಗುದಾಣ ಎಲ್ಲವೂ ಅಡ್ಡಿಯೇ.

ಗೋಡೆಯ ಕಡೆಯೂ ಕಣ್ಣಿಡಿ. ಅಗ್ನಿಶಾಮಕದವರು ಪೈಪು ಜೋಡಿಸುವ ಎರಡು ಬಾಯಿಯ ಹಿತ್ತಾಳೆ ಮೂತಿ ಮುಚ್ಚಬಾರದು. ಮೇಲಿನ ಮನೆಗಳಿಗೆ ಹೋಗುವ ಬಾಗಿಲು ಅಡ್ಡಗಟ್ಟಬಾರದು. ನೆಲಮಾಳಿಗೆಗೆ ಇಳಿಯುವ ಕಬ್ಬಿಣದ ಬಾಗಿಲು ಫುಟ್‌ಪಾತಿನಲ್ಲೇ ತೆರೆದುಕೊಳ್ಳುತ್ತಿದ್ದರೆ, ಬೆಳಗಿನ ಸಾಮಾನು ಇಳಿಸುವ ಹೊತ್ತಿಗೆ ಟೇಬಲ್ ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಮೊದಲೇ ಯೋಚಿಸಿ.

ಇನ್ನೊಂದು, ಕಾಗದದ ಮೇಲೆ ಸರಿಯಿರುವ ನಕ್ಷೆ ಬೀದಿಯಲ್ಲಿ ಸೋಲುವುದು ಕುರ್ಚಿಯಿಂದ. ಖಾಲಿ ಕುರ್ಚಿಯನ್ನು ಟೇಬಲ್ಲಿಗೆ ಒತ್ತಿಟ್ಟು ಅಳೆಯುತ್ತಾರೆ. ಮನುಷ್ಯ ಕೂತ ಮೇಲೆ ಅದು ಒಂದೂವರೆ ಅಡಿ ಹಿಂದೆ ಬರುತ್ತದೆ. ಅದರ ಹಿಂದೆ ಮಾಣಿ ನಿಲ್ಲುತ್ತಾನೆ. ಪಕ್ಕದಲ್ಲಿ ಮೆನು ಬರೆದ ಹಲಗೆ. ಎಂಟಡಿ ದಾರಿ ನಾಲ್ಕೂವರೆಗೆ ಇಳಿಯುವುದು ಹೀಗೆ. ಗೆರೆ ಎಳೆಯುವಾಗ ಕೂತ ಮನುಷ್ಯ, ಬಡಿಸುವವನು ಇಬ್ಬರೂ ಗೆರೆಯೊಳಗೇ ಇರಬೇಕು. ಗಾಲಿಕುರ್ಚಿಯವರಿಗೆ ಕನಿಷ್ಠ 36 ಇಂಚು ದಾರಿ, ನೆಲದಿಂದ 28ರಿಂದ 34 ಇಂಚು ಎತ್ತರದ ಟೇಬಲ್ ಬೇಕು. ಎತ್ತರದ ಬಾರ್ ಟೇಬಲ್‌ಗಳನ್ನೇ ಸಾಲಾಗಿ ಇಟ್ಟರೆ ಈ ನಿಯಮ ಮುರಿದಂತೆ.

[ದೃಶ್ಯ: ಡಾಲರ್ ಲೆಕ್ಕದ ಹಲಗೆ]

ದುಡ್ಡಿನ ಮಾತು ಬೇಗ ಮುಗಿಸೋಣ. ಫುಟ್‌ಪಾತ್ ಲೈಸೆನ್ಸ್ ಶುಲ್ಕ 1,050 ಡಾಲರ್, ನಾಲ್ಕು ವರ್ಷಕ್ಕೆ. ಭದ್ರತಾ ಠೇವಣಿ 1,500. ಇದಲ್ಲದೆ ವರ್ಷವರ್ಷ ಜಾಗದ ಬಾಡಿಗೆ: ವಲಯ ನೋಡಿಕೊಂಡು ಚದರಡಿಗೆ 6ರಿಂದ 31 ಡಾಲರ್. 200 ಚದರಡಿ ಕೆಫೆ ಅಗ್ಗದ ವಲಯದಲ್ಲಿ ವರ್ಷಕ್ಕೆ 1,200, ದುಬಾರಿ ವಲಯದಲ್ಲಿ 6,200 ಡಾಲರ್. ಈ ಜಾಗದ ಒಪ್ಪಿಗೆಗೆ ‘ರಿವೋಕಬಲ್ ಕನ್ಸೆಂಟ್’ ಅನ್ನುತ್ತಾರೆ. ನಗರ ಕೊಟ್ಟದ್ದನ್ನು ನಗರ ವಾಪಸ್ ತೆಗೆದುಕೊಳ್ಳಬಹುದು, ಜಾಗ ನಿಮ್ಮದಾಗುವುದಿಲ್ಲ. ರಸ್ತೆಯ ಮೇಲಿನ ಕೆಫೆಗೆ ಬೇರೆ ಲೈಸೆನ್ಸ್. 2023ರ ಕಾನೂನು ಅದಕ್ಕೆ ಏಪ್ರಿಲ್ 1ರಿಂದ ನವೆಂಬರ್ 29ರ ತನಕ ಮಾತ್ರ ಅವಕಾಶ ಕೊಟ್ಟಿತು. ಫುಟ್‌ಪಾತಿನದು ವರ್ಷಪೂರ್ತಿ.

ಅರ್ಜಿಗೆ ಕಟ್ಟಡದ ಮಾಲೀಕರ ಒಪ್ಪಿಗೆ ಬೇಕು. ಅದಿಲ್ಲದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಎಲ್ಲ ಸರಿಯಿದ್ದರೆ ಕಡತ ಕಮ್ಯುನಿಟಿ ಬೋರ್ಡಿಗೆ, ಅಂದರೆ ಆ ಪ್ರದೇಶದ ಸಲಹಾ ಮಂಡಳಿಗೆ ಹೋಗುತ್ತದೆ.

[ದೃಶ್ಯ: ಸಭೆ. ಎದುರಿಗೆ ಮಡಚುವ ಕುರ್ಚಿಗಳು, ಮೈಕಿನ ಮುಂದೆ ಸಾಲು]

ನಗರದಲ್ಲಿ ಇಂಥ 59 ಬೋರ್ಡುಗಳಿವೆ, ಒಂದೊಂದರಲ್ಲೂ 50ರವರೆಗೆ ಸದಸ್ಯರು. ಫುಟ್‌ಪಾತ್ ಅರ್ಜಿ ಬಂದರೆ ಶಿಫಾರಸು ಮಾಡಲು 40 ದಿನ. ನೆರೆಯವರು ಮಾತಾಡುವುದು ಇಲ್ಲಿ. ಬೋರ್ಡಿನ ಮಾತು ಬರೀ ಸಲಹೆ, ಸಾರಿಗೆ ಇಲಾಖೆ ಅದನ್ನು ಮೀರಬಹುದು. ಹಾಗಾದರೆ ಹೋಗಿ ಏನು ಪ್ರಯೋಜನ?

ಪ್ರಯೋಜನ ಇರುವುದು ಇನ್ನೊಂದು ಕಡತದಲ್ಲಿ. ಹೊರಗಿನ ಟೇಬಲ್ಲಿಗೆ ಬಿಯರ್, ವೈನ್ ಕೊಡಬೇಕಾದರೆ ಹೋಟೆಲಿನವರು ರಾಜ್ಯದ ಮದ್ಯ ಪ್ರಾಧಿಕಾರದ ಹತ್ತಿರ ತಮ್ಮ ಲೈಸೆನ್ಸಿಗೆ ಹೊರಜಾಗ ಸೇರಿಸಿಕೊಳ್ಳಬೇಕು. ಅದಕ್ಕೂ 30 ದಿನ ಮುಂಚೆ ಬೋರ್ಡಿಗೆ ತಿಳಿಸಬೇಕು. ಆ ಸಭೆಯಲ್ಲಿ ಹೋಟೆಲಿನವರು ಒಪ್ಪಿ ಸಹಿ ಹಾಕಿದ ಷರತ್ತುಗಳು, ಅಂದರೆ ಹತ್ತು ಗಂಟೆಗೆ ಹೊರಗೆ ಬಂದ್, ಇಷ್ಟೇ ಕುರ್ಚಿ, ಸ್ಪೀಕರ್ ಇಲ್ಲ ಎನ್ನುವಂಥವು ಮದ್ಯದ ಲೈಸೆನ್ಸಿಗೇ ಅಂಟಿಕೊಳ್ಳಬಹುದು. ಮುರಿದರೆ ಅಪಾಯ ನಾಲ್ಕು ಟೇಬಲ್ಲಿಗಲ್ಲ, ಇಡೀ ಬಾರ್‌ಗೆ. ನಮ್ಮ ಅಭಿಪ್ರಾಯ ಕೇಳಿದರೆ, ನೆರೆಯವರು ಟೇಬಲ್ ಬೇಡವೇ ಬೇಡ ಎನ್ನುವುದಕ್ಕಿಂತ ಈ ಷರತ್ತುಗಳ ಪಟ್ಟಿ ಹಿಡಿದು ಹೋಗುವುದು ಜಾಣತನ. ದೋಸೆ-ಕಾಫಿಯಷ್ಟೇ ಕೊಡುವ ಹೋಟೆಲಿನ ಮೇಲೆ ಮಾತ್ರ ಈ ಹಿಡಿತ ಸಿಗುವುದಿಲ್ಲ.

[ದೃಶ್ಯ: ಎರಡನೇ ಅಂತಸ್ತಿನ ಕಿಟಕಿ, ಕೆಳಗೆ ಛತ್ರಿಗಳು, ನಡುವೆ ಧ್ವನಿಯ ಅಲೆಗಳು]

ಸಮಯಕ್ಕೆ ಇಷ್ಟು ಜಗ್ಗಾಟ ಯಾಕೆ? ಯೋಜನೆಯಲ್ಲಿ ಹೊರಗಿನ ಕೆಫೆ ಮಧ್ಯರಾತ್ರಿವರೆಗೆ ನಡೆಯಬಹುದು. ಶುರು ಬೆಳಿಗ್ಗೆ 8ಕ್ಕೆ, ಭಾನುವಾರ 10ಕ್ಕೆ. ನಗರದ ಶಬ್ದ ಸಂಹಿತೆ ಹೋಟೆಲಿನ ಸಂಗೀತಕ್ಕೆ ಗಟ್ಟಿ ಅಂಕಿ ಇಟ್ಟಿದೆ: ನೆರೆಮನೆಯ ಒಳಗೆ ಅಳೆದರೆ 42 ಡೆಸಿಬೆಲ್ ಮೀರಬಾರದು. ಮನುಷ್ಯರ ಮಾತಿಗೆ ಅಂಥ ಸ್ಥಿರ ಅಂಕಿ ಇಲ್ಲ. ಹಿನ್ನೆಲೆ ಸದ್ದಿಗಿಂತ ಎಷ್ಟು ಹೆಚ್ಚು ಅನ್ನುವ ಹೋಲಿಕೆ ಮಾತ್ರ. ಟ್ಯಾಕ್ಸಿ, ಆಂಬ್ಯುಲೆನ್ಸ್ ಓಡುವ ಅವೆನ್ಯೂನಲ್ಲಿ ಆ ಹೋಲಿಕೆಯಲ್ಲಿ ಗೆಲ್ಲುವುದು ಕಷ್ಟ.

ಒರಟು ಲೆಕ್ಕ ಹಾಕೋಣ. ಮಾಮೂಲಿ ಮಾತು ಒಂದು ಮೀಟರ್ ದೂರದಲ್ಲಿ ಸುಮಾರು 60 ಡೆಸಿಬೆಲ್. ದೂರ ಎರಡು ಪಟ್ಟಾದಾಗೆಲ್ಲ 6 ಕಡಿಮೆ. ನಾಲ್ಕು ಮೀಟರ್ ಮೇಲಿನ ಕಿಟಕಿಗೆ 48. ಏಕಕಾಲಕ್ಕೆ ಹತ್ತು ಜನ ಮಾತಾಡಿದರೆ 10 ಸೇರಿಸಿ, 58. ತೆರೆದ ಕಿಟಕಿ ಹತ್ತು-ಹದಿನೈದು ತಡೆದರೂ ಹಾಸಿಗೆಯ ಹತ್ತಿರ 45ರ ಆಸುಪಾಸು. ಸಂಗೀತವಾಗಿದ್ದರೆ ಮಿತಿ ಮೀರುತ್ತಿತ್ತು! ಎದುರು ಗೋಡೆಯ ಪ್ರತಿಧ್ವನಿ ಇದರಲ್ಲಿ ಇಲ್ಲ. ಗದ್ದಲದಲ್ಲಿ ಮನುಷ್ಯ ತನಗರಿವಿಲ್ಲದೆ ದನಿ ಏರಿಸುತ್ತಾನೆ, ಪಕ್ಕದ ಟೇಬಲ್ಲಿನವರು ಅದಕ್ಕೂ ಮೇಲೆ ಏರಿಸುತ್ತಾರೆ, ಅದೂ ಇಲ್ಲ. ಬಟ್ಟೆಯ ಛತ್ರಿ ಬಿಸಿಲು ತಡೆಯುತ್ತದೆ, ಮಾತು ತಡೆಯುವುದಿಲ್ಲ. ಹೂಕುಂಡದ ಸಾಲೂ ಅಷ್ಟೇ, ಚೆಂದಕ್ಕೆ. ಕೆಲಸ ಮಾಡುವುದು ಎರಡೇ: ಕುರ್ಚಿಯ ಸಂಖ್ಯೆ, ಮುಚ್ಚುವ ಹೊತ್ತು.

ಬೆಂಗಳೂರಿನ ಇಂದಿರಾನಗರದಿಂದ ನೋಡುತ್ತಿರುವವರಿಗೆ ಒಂದು ಮಾತು. ನಮ್ಮಲ್ಲಿ 2000ದ ಶಬ್ದ ಮಾಲಿನ್ಯ ನಿಯಮ ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಅನ್ನುತ್ತದೆ. ಅದು ಪ್ರದೇಶದ ಬಯಲಿನ ಮಟ್ಟ, ಮಲಗುವ ಕೋಣೆಯೊಳಗಿನದಲ್ಲ, ಹಾಗಾಗಿ ಎರಡು ಅಂಕಿಗಳನ್ನು ನೇರ ಹೋಲಿಸಬೇಡಿ. ಮತ್ತೆ, ಅಂಗಡಿಯ ಟ್ರೇಡ್ ಲೈಸೆನ್ಸ್ ಅಂದರೆ ಎದುರಿನ ಫುಟ್‌ಪಾತಿನ ಹಕ್ಕಲ್ಲ.

[ದೃಶ್ಯ: ರಾತ್ರಿ, ಖಾಲಿ ಟೇಬಲ್‌ಗಳು]

ನ್ಯೂಯಾರ್ಕಿನಲ್ಲಿ ದೂರು ಕೊಡಬೇಕಾದರೆ 311, ಅದು ನಗರದ ಸಹಾಯವಾಣಿ. ‘ಯಾವಾಗಲೂ ಗಲಾಟೆ’ ಅಂತ ಬರೆದರೆ ಯಾರಾದರೂ ಬರುವ ಹೊತ್ತಿಗೆ ಗಲಾಟೆ ಇರುವುದಿಲ್ಲ. ವಿಳಾಸ, ವಾರದ ದಿನ, ಗಂಟೆ, ಸದ್ದು ಸಂಗೀತದ್ದೋ ಮಾತಿನದ್ದೋ, ದಾರಿ ಎಷ್ಟು ಅಡಿ ಉಳಿದಿದೆ, ಇಷ್ಟು ಬರೆಯಿರಿ. ದಾರಿಯ ಅಗಲ ಸಾರಿಗೆ ಇಲಾಖೆಯ ವಿಷಯ, ಟೇಪು ಹಿಡಿದು ತೆಗೆದ ಒಂದು ಫೋಟೋ ಸಾಕು. ಸದ್ದಿನ ದೂರು ಬೇರೆ ದಾರಿ ಹಿಡಿಯುತ್ತದೆ. ಎರಡನ್ನೂ ಒಂದೇ ದೂರಿನಲ್ಲಿ ಕಲಸಬೇಡಿ.

ಹೋಟೆಲಿನವರಿಗೆ: ಹತ್ತಕ್ಕೆ ಮುಚ್ಚುವುದೆಂದರೆ ಹತ್ತಕ್ಕೆ ಕೊನೆಯ ಆರ್ಡರ್ ಅಲ್ಲ. ಒಂಬತ್ತೂವರೆಗೆ ಆರ್ಡರ್ ನಿಲ್ಲಿಸಿ, ಹತ್ತಕ್ಕೆ ಕುರ್ಚಿ ಖಾಲಿ ಇರಲಿ. ಆಮೇಲೆ ಬರುವ ಸದ್ದನ್ನು ಯಾವ ನಕ್ಷೆಯೂ ತೋರಿಸುವುದಿಲ್ಲ: ಕಬ್ಬಿಣದ ಕುರ್ಚಿಗಳನ್ನು ಕಲ್ಲಿನ ಮೇಲೆ ಎಳೆದು, ಒಂದರ ಮೇಲೊಂದು ಬಡಿದು, ಸರಪಳಿ ಸುತ್ತಿ ಬೀಗ ಹಾಕುವುದು. ಕಾಲಿಗೆ ರಬ್ಬರ್ ಟೋಪಿ ಹಾಕಿ, ಎಳೆಯದೆ ಎತ್ತಿ, ಸರಪಳಿಯ ಬದಲು ಪ್ಲಾಸ್ಟಿಕ್ ಹೊದಿಕೆಯ ಕೇಬಲ್ ಬಳಸಿ.