ಕೇಬಲ್ ಕಿತ್ತ ಮೇಲೂ ಹಾಡು ನಡೆಯುತ್ತಿದೆ, ಕೇಳಿ!

ನಮಸ್ಕಾರ. ನೆಟ್‌ವರ್ಕ್ ಕೇಬಲ್ ಬದಲಿಸಿದರೆ ಹಾಡು ಇನ್ನೂ ಚೆನ್ನಾಗಿ ಕೇಳಿಸುತ್ತದೆಯೇ? ನಿಮ್ಮಲ್ಲಿ ಹಲವರು ಕೇಳಿದ ಪ್ರಶ್ನೆ ಇದು. ಮಾರುವವರು ಹೌದು ಎನ್ನುತ್ತಾರೆ, ನಾನು ಇಲ್ಲ ಎನ್ನುತ್ತೇನೆ. ಯಾಕೆಂದು ಇಲ್ಲೇ ತೋರಿಸುತ್ತೇನೆ.

2008ರಲ್ಲಿ ಜಪಾನಿನ ಡೆನಾನ್ ಕಂಪನಿ ಎಕೆ-ಡಿಎಲ್1 ಎಂಬ ಕೇಬಲ್ ತಂದಿತು. ಉದ್ದ ಒಂದೂವರೆ ಮೀಟರ್, ಬೆಲೆ 499 ಡಾಲರ್. ತುದಿಗಳಲ್ಲಿ ಮನೆಯ ಇಂಟರ್ನೆಟ್ ಕೇಬಲ್‌ಗೆ ಇರುವಂಥದೇ ಪ್ಲಗ್. ಜೊತೆಗೆ ಸಿಗ್ನಲ್ ಯಾವ ಕಡೆಗೆ ಹರಿಯಬೇಕೆಂದು ತೋರಿಸುವ ಗುರುತು! ಇಂದು ಸ್ಟ್ರೀಮಿಂಗ್‌ಗೆಂದೇ ಮಾರುವ ದುಬಾರಿ ನೆಟ್‌ವರ್ಕ್ ಕೇಬಲ್‌ಗಳ ಮೇಲೂ ಇಂಥ ಬಾಣಗಳಿವೆ. ಆದರೆ ನೆಟ್‌ವರ್ಕ್ ಕೇಬಲ್‌ನಲ್ಲಿ ಮಾಹಿತಿ ಎರಡೂ ಕಡೆಗೆ ಓಡಾಡುತ್ತದೆ. ಬಾಣಕ್ಕೆ ಅಲ್ಲಿ ಅರ್ಥವೇ ಇಲ್ಲ.

[ದೃಶ್ಯ: ಮೇಜಿನ ಮೇಲೆ ಸ್ಟ್ರೀಮರ್, ಅಂದರೆ ಇಂಟರ್ನೆಟ್‌ನಿಂದ ಹಾಡು ತಂದು ನುಡಿಸುವ ಪೆಟ್ಟಿಗೆ. ಹಿಂಬದಿಯಲ್ಲಿ ಬೂದು ಬಣ್ಣದ ಸಾಮಾನ್ಯ ಕೇಬಲ್. ಹಾಡು ನಡೆಯುತ್ತಿದೆ.]

ಈಗ ಗಮನವಿಟ್ಟು ಕೇಳಿ. ಪ್ಲಗ್‌ನ ಪುಟ್ಟ ಕ್ಲಿಪ್ ಒತ್ತಿ ಕೇಬಲ್ಲನ್ನು ಹೊರಗೆಳೆಯುತ್ತೇನೆ. ಹಸಿರು ದೀಪ ಆರಿತು. ಹಾಡು ಮಾತ್ರ ನಡೆಯುತ್ತಲೇ ಇದೆ. ತಂಬೂರಿಯ ಶ್ರುತಿ, ಮೃದಂಗದ ಗುಮಕಿ, ಗಾಯಕಿಯ ಉಸಿರು, ಎಲ್ಲವೂ ಹಾಗೆಯೇ ಇವೆ. ಇನ್ನೂ ನಡೆಯುತ್ತಿದೆ... ಈಗ ನಿಂತಿತು.

ಆ ಕೆಲವು ಸೆಕೆಂಡುಗಳ ಸಂಗೀತ ಮೊದಲೇ ಬಂದು ಸ್ಟ್ರೀಮರಿನ ಮೆಮೊರಿಯಲ್ಲಿ ಕುಳಿತಿತ್ತು. ಕೇಬಲ್ ಧ್ವನಿಗೆ ಮೆರುಗು ಕೊಡುತ್ತಿದ್ದರೆ, ಕಿತ್ತ ಕ್ಷಣದಲ್ಲೇ ಆ ಮೆರುಗು ಮಾಯವಾಗಬೇಕಿತ್ತಲ್ಲವೇ?

ಮಾಹಿತಿ ದಾರಿಯಲ್ಲಿ ಕೆಡುವುದಿಲ್ಲವೇ ಎಂದು ಕೇಳಬಹುದು. ಅಡಿಕೆ ಮಂಡಿಯನ್ನು ನೆನೆಸಿಕೊಳ್ಳಿ. ಪ್ರತಿ ಚೀಲಕ್ಕೂ ಸಂಖ್ಯೆ ಇದೆ, ತೂಕ ಬರೆದಿದೆ. ಇಳಿಸಿಕೊಳ್ಳುವವನು ಮತ್ತೆ ತೂಗುತ್ತಾನೆ, ತಾಳೆಯಾಗದ ಚೀಲವನ್ನು ಪಕ್ಕಕ್ಕೆ ತಳ್ಳಿ ಬೇರೆ ತರಿಸುತ್ತಾನೆ. ಹಾಡಿನ ಮಾಹಿತಿಯೂ ಹೀಗೆಯೇ ತುಂಡುತುಂಡಾಗಿ ಬರುತ್ತದೆ. ಪ್ರತಿ ತುಂಡಿನ ಜೊತೆ 32 ಬಿಟ್‌ಗಳ ತಾಳೆ ಸಂಖ್ಯೆ ಇರುತ್ತದೆ. ಅದು ಹೊಂದದಿದ್ದರೆ ಆ ತುಂಡನ್ನು ಬಿಸಾಡಿ ಮತ್ತೆ ಕಳಿಸಲಾಗುತ್ತದೆ. ಕೇಬಲ್ ನಿಜಕ್ಕೂ ಕೆಟ್ಟಿದ್ದರೆ ಹಾಡು ಕಡಿದು ಕಡಿದು ಬರುತ್ತದೆ ಅಥವಾ ನಿಂತೇ ಹೋಗುತ್ತದೆ. ತಂಬೂರಿಯ ನಾದ ಮಂಕಾಗುವುದು, ಮೃದಂಗ ದೂರ ಸರಿದಂತೆ ಕೇಳುವುದು, ಇದಾವುದೂ ಆಗುವುದಿಲ್ಲ.

ಇನ್ನು ಸ್ಪೀಕರ್ ವೈರ್. ಇಲ್ಲಿ ವ್ಯತ್ಯಾಸ ಸಾಧ್ಯ. ಬಹಳ ಉದ್ದದ, ತೀರಾ ತೆಳುವಾದ ವೈರ್ ಧ್ವನಿಯನ್ನು ಬದಲಿಸಬಲ್ಲದು. ಆದರೆ ಎಲೆಕ್ಟ್ರಿಷಿಯನ್‌ಗಳು ಒಂದೂವರೆ ಸ್ಕ್ವೇರ್ ಎಂಎಂ ಎನ್ನುವ ತಾಮ್ರದ ವೈರನ್ನು ಮೂರು ಮೀಟರ್ ಎಳೆದು 8 ಓಮ್ ಸ್ಪೀಕರಿಗೆ ಜೋಡಿಸಿದರೆ, ಧ್ವನಿಮಟ್ಟದಲ್ಲಿ ನಷ್ಟ 0.1 ಡೆಸಿಬೆಲ್‌ಗೂ ಕಡಿಮೆ, ಕಿವಿಗೆ ಗೊತ್ತೇ ಆಗದಷ್ಟು. 2007ರಲ್ಲಿ, ಪೊಳ್ಳು ದಾವೆಗಳನ್ನು ಬಯಲಿಗೆಳೆಯುತ್ತಿದ್ದ ಜಾದೂಗಾರ ಜೇಮ್ಸ್ ರ‍್ಯಾಂಡಿ, ಪಿಯರ್ ಕಂಪನಿಯ 7,250 ಡಾಲರ್‌ನ ಸ್ಪೀಕರ್ ಕೇಬಲ್ಲನ್ನು ಕಿವಿಯಿಂದಷ್ಟೇ ಗುರುತಿಸಿದವರಿಗೆ ಹತ್ತು ಲಕ್ಷ ಡಾಲರ್ ಕೊಡುವುದಾಗಿ ಸವಾಲು ಹಾಕಿದರು. ಕಂಪನಿ ಹಿಂದೆ ಸರಿಯಿತು, ಪರೀಕ್ಷೆ ನಡೆಯಲೇ ಇಲ್ಲ.

ಸಮಯ ಮೀರುತ್ತಿದೆ, ಪವರ್ ಕೇಬಲ್, ಕೇಬಲ್ ಎತ್ತಿಡುವ ಪೀಠ, ಧ್ವನಿ ಸುಧಾರಿಸುತ್ತದೆಂದು ಮಾರುವ ಕಲ್ಲು, ಇವೆಲ್ಲಕ್ಕೂ ಸೇರಿಸಿ ಒಂದೇ ಮಾತು ಹೇಳುತ್ತೇನೆ. ಯಾವುದನ್ನು ಜೋಡಿಸಿದೆ ಎಂದು ಕಣ್ಣಾರೆ ಕಂಡು ಕೇಳುವಾಗ ನಿಮ್ಮ ಕಿವಿಯನ್ನು ನಂಬಬೇಡಿ. ಒಂದು ಸ್ವಲ್ಪ, ಅರ್ಧ ಡೆಸಿಬೆಲ್‌ನಷ್ಟು, ಜೋರಾಗಿದ್ದರೂ ನಮ್ಮ ಕಿವಿಗೆ ಅದು ಜೋರು ಎನಿಸುವುದಿಲ್ಲ, ಚೆಂದ ಎನಿಸುತ್ತದೆ. ನನಗೆ ಸಿಟ್ಟು ಬರುವುದು ಇಲ್ಲೇ: ಸಂಗೀತವನ್ನು ಮನಸಾರೆ ಪ್ರೀತಿಸುವವರ ಉಳಿತಾಯ ಹೀಗೆ ಕರಗಬಾರದು. ಆ ಹಣ ಒಳ್ಳೆಯ ಸ್ಪೀಕರಿಗೆ, ಕೋಣೆಯ ಪ್ರತಿಧ್ವನಿ ತಗ್ಗಿಸುವ ದಪ್ಪ ಪರದೆಗೆ, ನೆಲಹಾಸಿಗೆ ಹೋಗಲಿ. ಅಲ್ಲಿ ವ್ಯತ್ಯಾಸ ಎಂಥವರಿಗೂ ಕೇಳಿಸುತ್ತದೆ.

ಅನುಮಾನವಿದ್ದರೆ ಧ್ವನಿ ಅಳೆಯುವ ಮೀಟರ್ ಇಟ್ಟು ಎರಡೂ ಕೇಬಲ್‌ಗಳ ಧ್ವನಿಮಟ್ಟ ಸಮ ಮಾಡಿಕೊಳ್ಳಿ. ಗೆಳೆಯರೊಬ್ಬರು ನಾಣ್ಯ ಚಿಮ್ಮಿ, ನಿಮಗೆ ಕಾಣದಂತೆ, ಬಿದ್ದ ಮುಖದ ಪ್ರಕಾರ ಕೇಬಲ್ ಜೋಡಿಸಲಿ. ಯಾವ ಕೇಬಲ್ ಎಂದು ಹತ್ತು ಸಲ ಹೇಳಿ. ಬರೀ ಊಹೆಯಿಂದ ಹತ್ತಕ್ಕೆ ಹತ್ತೂ ಸರಿಯಾಗುವ ಸಾಧ್ಯತೆ 1,024ರಲ್ಲಿ ಒಂದು. ಹತ್ತೂ ಸರಿಯಾದರೆ ಕಾಮೆಂಟಿನಲ್ಲಿ ತಿಳಿಸಿ, ಅದೇ ಪರೀಕ್ಷೆಯನ್ನು ಕ್ಯಾಮೆರಾ ಮುಂದೆ ಒಟ್ಟಿಗೆ ಮಾಡೋಣ.