ಬಾಗಿಲಿಲ್ಲದ ಗೋಡೆಯೊಳಗಿನ ಕಾಡು

ಕೇಳುಗರಿಗೆಲ್ಲ ನಮಸ್ಕಾರ.

ಮನೆ ಪಕ್ಕದ ಖಾಲಿ ಸೈಟಿನಲ್ಲಿ ನಾಲ್ಕು ಗಿಡ ಎದ್ದರೆ ಸಾಕು, ‘ಯಾರಾದರೂ ಕ್ಲೀನ್ ಮಾಡಿಸಬಾರದಾ’ ಅನ್ನುತ್ತೇವೆ. ಅಲ್ವಾ? ನಾನು ಇವತ್ತು ಹೇಳಲು ಬಂದದ್ದು ಒಂದೇ ಮಾತು. ಸ್ವಲ್ಪ ಜಾಗವನ್ನಾದರೂ ಅದರ ಪಾಡಿಗೆ ಬಿಡಿ.

ಜರ್ಮನಿಯಲ್ಲಿ ಮ್ಯುನ್ಸ್ಟರ್ ಅಂತ ಒಂದು ಊರು. ಅಲ್ಲಿ 1977ರಿಂದ ಹತ್ತು ವರ್ಷಕ್ಕೊಮ್ಮೆ ದೊಡ್ಡ ಶಿಲ್ಪ ಪ್ರದರ್ಶನ ನಡೆಯುತ್ತದೆ. ಊರಿನ ಬೀದಿ, ಪಾರ್ಕುಗಳಲ್ಲೇ ಶಿಲ್ಪಗಳನ್ನು ಇಡುತ್ತಾರೆ. 1997ರಲ್ಲಿ ಹೆರ್ಮನ್ ಡಿ ವ್ರೀಸ್ ಅನ್ನುವ ಡಚ್ ಕಲಾವಿದರು ಅಲ್ಲಿನ ಅರಮನೆ ತೋಟದಲ್ಲಿ ಒಂದು ದುಂಡಗಿನ ಇಟ್ಟಿಗೆ ಗೋಡೆ ಕಟ್ಟಿಸಿದರು. ಮೂರು ಮೀಟರ್ ಎತ್ತರ, 14 ಮೀಟರ್ ಅಗಲದ ವೃತ್ತ. ಬಾಗಿಲೇ ಇಲ್ಲ. ಇಣುಕಿ ನೋಡಲು ಮೊಟ್ಟೆಯಾಕಾರದ ಕಿಂಡಿಗಳಿವೆ. ಒಳಗೆ ಅವರು ಏನೂ ನೆಡಲಿಲ್ಲ, ಬಿತ್ತಲಿಲ್ಲ. ತೋಟಗಾರಿಕೆ ಓದಿದ ಮನುಷ್ಯ ಅವರು, ನೆಡಲು ಬರುತ್ತಿರಲಿಲ್ಲ ಅಂತಲ್ಲ. ಬೇಕೆಂದೇ ಸುಮ್ಮನಿದ್ದರು.

ನಾನು ಹೋದದ್ದು ಒಂದು ಜೂನ್ ತಿಂಗಳಲ್ಲಿ. ಕಿಂಡಿಗೆ ಮುಖ ಇಟ್ಟೆ. ಮೊದಲು ಬರೀ ಕತ್ತಲು. ಆಮೇಲೆ ಮೂಗಿಗೆ ಬಡಿಯಿತು ನೋಡಿ, ಕೊಳೆತ ಎಲೆಯ ವಾಸನೆ. ನಮ್ಮ ಮಲೆನಾಡಿನ ದರಕಿನದೇ ವಾಸನೆ! ಕಣ್ಣು ಹೊಂದಿಕೊಂಡ ಮೇಲೆ ಒಂದೊಂದಾಗಿ ಕಂಡವು. ಮೈಗೆ ತಾಗಿದರೆ ಉರಿಯುವ ನೆಟಲ್ ಗಿಡ, ಮುಳ್ಳಿನ ಪೊದೆ, ಬೆಳಕು ಹುಡುಕುತ್ತಾ ಓರೆಯಾಗಿ ಎದ್ದ ಒಂದು ಎಳೆಯ ಮರ. ಅದರ ಎಲೆಯನ್ನು ಯಾವುದೋ ಹುಳ ಜಾಲರಿಯ ಹಾಗೆ ತಿಂದಿತ್ತು. ಕಿಂಡಿಯ ಅಂಚಿನಲ್ಲಿ ಒಂದು ಬಸವನಹುಳ ಕೂತಿತ್ತು. ನನ್ನ ಮೂಗಿಗೂ ಅದಕ್ಕೂ ಒಂದು ಗೇಣು.

ತಲೆ ಎತ್ತಿದೆ. ಗೋಡೆಯ ಮೇಲೆ ಸಂಸ್ಕೃತದ ಸಾಲು! ‘ಓಂ ಪೂರ್ಣಮದಃ ಪೂರ್ಣಮಿದಂ’. ನಮ್ಮಮ್ಮ ದೀಪ ಹಚ್ಚುವಾಗ ಹೇಳುತ್ತಿದ್ದ ಈಶಾವಾಸ್ಯ ಉಪನಿಷತ್ತಿನ ಮಂತ್ರ. ಅದೂ ಪೂರ್ಣ, ಇದೂ ಪೂರ್ಣ. ಪೂರ್ಣದಿಂದ ಪೂರ್ಣವನ್ನು ತೆಗೆದರೂ ಉಳಿಯುವುದು ಪೂರ್ಣವೇ. ಚಿಕ್ಕಂದಿನಿಂದ ಬಾಯಿಪಾಠ ನನಗೆ. ಆದರೆ ನೆಟಲ್ ಗಿಡಕ್ಕೂ ಆ ಮಾತು ಸೇರುತ್ತದೆ ಅಂತ ಹೊಳೆದದ್ದು ಅವತ್ತೇ. ಕಣ್ಣು ತುಂಬಿ ಬಂತು. ಅಲ್ಲೇ ಹುಲ್ಲಿನ ಮೇಲೆ ಕೂತುಬಿಟ್ಟೆ.

ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ನಾನು ಸಸ್ಯಶಾಸ್ತ್ರ ಪಾಠ ಹೇಳುತ್ತಿದ್ದ ಕಾಲೇಜಿನ ಹಿಂದೆಯೂ ಇಂಥದೇ ಒಂದು ಮೂಲೆ ಇತ್ತು. ಯಾರೋ ದೊಡ್ಡವರು ಬರುತ್ತಾರೆಂದು ಜೆಸಿಬಿ ತರಿಸಿ ಒಂದೇ ಬೆಳಿಗ್ಗೆಯಲ್ಲಿ ಬೋಳಿಸಿದರು. ಸಂಜೆ ಹೋಗಿ ನೋಡಿದರೆ ಬರೀ ಕೆಂಪು ಮಣ್ಣು, ಟೈರಿನ ಗುರುತು. ‘ನೀಟಾಗಿದೆ ಅಲ್ವಾ ಮೇಡಂ’ ಅಂದರು. ನೀಟು ನಮ್ಮ ಕಣ್ಣಿಗೆ. ಆ ಮಣ್ಣಿಗಲ್ಲ!

ಹೇಳಬೇಕಾದದ್ದು ಇನ್ನೂ ಇದೆ, ಹೊತ್ತು ಕಡಿಮೆ. ನ್ಯೂಯಾರ್ಕಿನ ನಡುವೆ ಆಲನ್ ಸಾನ್‌ಫಿಸ್ಟ್ ಅನ್ನುವ ಕಲಾವಿದರು 1978ರಲ್ಲಿ ಒಂದು ತುಂಡು ಹಳೆಯ ಕಾಡನ್ನು ಮತ್ತೆ ಎಬ್ಬಿಸಿದರು. ಅವರು ಆ ನೆಲದ ಗಿಡಗಳನ್ನೇ ಹುಡುಕಿ ನೆಟ್ಟರು. ಒಳ್ಳೆಯ ಕೆಲಸವೇ, ಆದರೆ ನೆಡದೆ ಕಾಯುವುದು ನನಗೆ ಜಾಸ್ತಿ ಇಷ್ಟ. ಕೊಡಗಿನವರಿಗಂತೂ ಇದು ಹೊಸದಲ್ಲ. ಅಲ್ಲಿ ಸಾವಿರಕ್ಕೂ ಹೆಚ್ಚು ದೇವರಕಾಡುಗಳಿವೆ.

ಹಾವು ಬರುತ್ತದೆ ಅಂತೀರಿ, ಗೊತ್ತು. ಎಲ್ಲರೂ ಅದನ್ನೇ ಕೇಳುತ್ತಾರೆ. ಮನೆಗೆ ಅಂಟಿಸಿ ಬಿಡಬೇಡಿ, ಹಿತ್ತಲಿನ ತುದಿಯಲ್ಲಿ ಬಿಡಿ. ಹತ್ತಡಿ ಜಾಗ ಸಾಕು. ಸುತ್ತ ನಾಲ್ಕು ಕಲ್ಲಿಡಿ. ಗುದ್ದಲಿ ಬೇಡ, ಔಷಧಿ ಬೇಡ, ನೀರೂ ಬೇಡ. ಈ ಮಳೆಗೆ ಗರಿಕೆ, ತುಂಬೆ, ಉತ್ತರಾಣಿ ಏಳಬಹುದು. ತುಂಬೆ ಹೂವಿಗೆ ಚಿಟ್ಟೆ ಬರುತ್ತದೆ. ಹಕ್ಕಿ ಹಿಕ್ಕೆಯಲ್ಲಿ ಬಂದ ಬೀಜದಿಂದ ಯಾವ ಮರ ಹುಟ್ಟುತ್ತದೋ, ನೋಡೋಣ. ಸಂಜೆ ಒಂದು ಕುರ್ಚಿ ಹಾಕಿಕೊಂಡು ಕಲ್ಲಿನ ಈಚೆಯಿಂದಲೇ ನೋಡುತ್ತಾ ಕೂರಿ. ನಮಸ್ಕಾರ.