ಮೊದಲು ಮೊಸರಿನ ಪುಟ ತೆಗೆದು ನೋಡಿ

ನಮಸ್ಕಾರ. ವೀಗನ್ ಅಡುಗೆ ಪುಸ್ತಕ ಯಾವುದು ತಗೊಳ್ಳಲಿ, ಒಂದು ಹೆಸರು ಹೇಳಿ ಅಂತ ಕೇಳುವವರು ಈಗ ಜಾಸ್ತಿ. ವೀಗನ್ ಅಂದರೆ ಮಾಂಸ, ಮೊಟ್ಟೆ ಮಾತ್ರವಲ್ಲ, ಹಾಲು, ಮೊಸರು, ತುಪ್ಪ, ಜೇನುತುಪ್ಪವನ್ನೂ ಬಿಡುವುದು. ಹೀಗೆ ಕೇಳುವವರಲ್ಲಿ ಮುಕ್ಕಾಲು ಪಾಲು ಜನ ಇನ್ನೂ ದಾರಿಯಲ್ಲಿದ್ದಾರೆ. ಕೆಲವರು ಬಾಡು ಬಿಟ್ಟಿದ್ದಾರೆ, ಹಾಲು ಬಿಟ್ಟಿಲ್ಲ. ಕೆಲವರು ಹಾಲನ್ನೂ ಬಿಟ್ಟಿದ್ದಾರೆ, ಆದರೆ ಊಟದ ಕೊನೆಗೆ ಮೊಸರನ್ನ ಇಲ್ಲದಿದ್ದರೆ ಊಟ ಮುಗಿದ ಹಾಗೆ ಅನ್ನಿಸುವುದಿಲ್ಲ.

ನಾನು ಇವತ್ತು ಪುಸ್ತಕದ ಹೆಸರು ಹೇಳುವುದಿಲ್ಲ. ಅಂಗಡಿಯಲ್ಲಿ ನಿಂತು ಪುಸ್ತಕವನ್ನು ಹೇಗೆ ನೋಡಬೇಕು ಅನ್ನುವುದನ್ನು ಹೇಳುತ್ತೇನೆ. ನನ್ನ ಪರೀಕ್ಷೆ ಒಂದೇ. ಮುಖಪುಟ ನೋಡಬೇಡಿ, ಮುನ್ನುಡಿ ಓದಬೇಡಿ. ಮೊಸರಿನ ಪುಟ ತೆಗೆಯಿರಿ. ಹಾಲಿಲ್ಲದೆ ಮೊಸರು ಹೆಪ್ಪು ಹಾಕುವುದು ಹೇಗೆ ಅಂತ ಆ ಪುಸ್ತಕ ಸರಿಯಾಗಿ ಹೇಳಿದೆಯಾ? ಇಲ್ಲ ಅಂದರೆ ಮತ್ತೆ ಕಪಾಟಿಗೆ ಇಟ್ಟುಬಿಡಿ.

ಇದೇನು ಒಂದೇ ಪುಟ ನೋಡಿ ಪುಸ್ತಕ ಅಳೆಯುವುದು ಅಂತೀರಾ? ಕಾರಣ ಇದೆ.

ಹೊರದೇಶದಿಂದ ಬರುವ ವೀಗನ್ ಪುಸ್ತಕಗಳು ಅವರ ತಟ್ಟೆಗೆ ಬರೆದವು. ಅವರ ತಟ್ಟೆಯ ನಡುವೆ ಮಾಂಸ, ಮೊಟ್ಟೆ ಅಥವಾ ಚೀಸ್ ಇರುತ್ತದೆ. ಅದನ್ನು ತೆಗೆದರೆ ನಡುವೆಯೇ ಖಾಲಿ. ಆ ಖಾಲಿ ಜಾಗ ತುಂಬಲು ಪುಸ್ತಕದ ಅರ್ಧ ಖರ್ಚಾಗುತ್ತದೆ. ಗೋಡಂಬಿ ರುಬ್ಬಿ ಚೀಸ್, ಅಗಸೆ ಬೀಜದ ಪುಡಿ ನೆನೆಸಿ ಮೊಟ್ಟೆಗೆ ಬದಲಿ, ಕಡಲೆಕಾಳು ಬೇಯಿಸಿದ ನೀರು ಕಡೆದು ನೊರೆ. ಎಲ್ಲವೂ ಜಾಣತನದ ಕೆಲಸವೇ, ನಾನು ಅಲ್ಲಗಳೆಯುವುದಿಲ್ಲ. ಆದರೆ ಪಿಜ್ಜಾ ತರಿಸಿದಾಗ ಮಾತ್ರ ಚೀಸ್ ಕಾಣುವ ಮನೆಗೆ, ನಾಲ್ಕು ಥರದ ಚೀಸ್ ಮಾಡುವ ಪುಸ್ತಕ ತಂದು ಏನು ಮಾಡುತ್ತೀರಿ?

ಮೇಲೆ ಓವನ್ ಬೇಕು. ನ್ಯೂಟ್ರಿಷನಲ್ ಯೀಸ್ಟ್ ಬೇಕು. ಅದು ಚೀಸ್ ರುಚಿ ಕೊಡುವ ಹಳದಿ ಪುಡಿ, ಮೂಲೆ ದಿನಸಿ ಅಂಗಡಿಯಲ್ಲಿ ಕೇಳಿದರೆ ಸಿಗುವುದಿಲ್ಲ. ಇನ್ನು ಅಳತೆ. ಅಮೆರಿಕದ ಪುಸ್ತಕದ ಒಂದು ಕಪ್ ಅಂದರೆ ಸುಮಾರು 237 ಮಿಲಿ. ಬೇರೆ ಕಡೆ 250. ಆಸ್ಟ್ರೇಲಿಯಾದ ಟೇಬಲ್ ಚಮಚ 20 ಮಿಲಿ, ಉಳಿದ ಕಡೆ 15. ಸಾರಿಗೆ ಇದರಿಂದ ಏನೂ ಆಗುವುದಿಲ್ಲ, ಬಿಡಿ. ಕೇಕಿಗೆ ಆಗುತ್ತದೆ. ಮೊದಲ ಸಲ ಮಾಡಿದ ಕೇಕ್ ಮೇಲೇಳಲೇ ಇಲ್ಲ ಅಂದರೆ ಜನ ಅಳತೆಯನ್ನು ಬೈಯುವುದಿಲ್ಲ. ಈ ವೀಗನ್ ನಮ್ಮಂಥವರಿಗಲ್ಲ ಅಂತ ಕೈಬಿಡುತ್ತಾರೆ.

ತಮಾಷೆ ಏನು ಗೊತ್ತಾ? ಈ ಚಳವಳಿ ಶುರುವಾಗಿದ್ದೇ ಏನೂ ಸಿಗದ ಕಾಲದಲ್ಲಿ. ಇಂಗ್ಲೆಂಡಿನಲ್ಲಿ ಡೊನಾಲ್ಡ್ ವಾಟ್ಸನ್ ಮತ್ತು ಅವರ ಜೊತೆಗಾರರು ವೀಗನ್ ಸೊಸೈಟಿ ಕಟ್ಟಿದ್ದು 1944ರ ನವೆಂಬರಿನಲ್ಲಿ. ಯುದ್ಧದ ಕಾಲ, ಎಲ್ಲದಕ್ಕೂ ರೇಷನ್. ಅಲ್ಲಿ ರೇಷನ್ ಪೂರ್ತಿ ಮುಗಿದಿದ್ದು 1954ರಲ್ಲಿ. ಆವತ್ತಿನವರು ಮನೆಯಲ್ಲಿ ಇದ್ದಬದ್ದ ಆಲೂಗಡ್ಡೆ, ಕೋಸು, ಕಾಳುಗಳಲ್ಲಿ ದಿನ ದೂಡಿದರು. ದುಬಾರಿ ಪುಡಿ, ಪೊಟ್ಟಣಗಳೆಲ್ಲ ಆಮೇಲೆ ಬಂದು ಸೇರಿಕೊಂಡವು.

ಈಗ ನಮ್ಮ ಮನೆಗಳಿಗೆ ಬರೋಣ. ಪುಸ್ತಕ ಕೊಳ್ಳುವ ಮೊದಲು ಒಂದು ವಾರ ಮನೆಯಲ್ಲಿ ಏನೇನು ಬೇಯಿತು ಅಂತ ಬರೆದಿಡಿ. ಬಸ್ಸಾರು, ಮಸ್ಸೊಪ್ಪು, ಹುರುಳಿಕಾಳು ಸಾರು, ಮುದ್ದೆ. ಉತ್ತರ ಕರ್ನಾಟಕದವರಾದರೆ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ. ಕರಾವಳಿಯಾದರೆ ನೀರುದೋಸೆ, ಪತ್ರೊಡೆ. ಮಲೆನಾಡಿನವರಿಗೆ ಅಪ್ಪೆಹುಳಿ. ಇದರಲ್ಲಿ ಹಾಲು ಎಲ್ಲಿದೆ? ಎಲ್ಲೂ ಇಲ್ಲ. ಹಾಲು ಬರುವುದು ಊಟದ ಎರಡು ತುದಿಯಲ್ಲಿ. ಶುರುವಿನಲ್ಲಿ ಬಿಸಿ ಅನ್ನದ ಮೇಲೆ ಒಂದು ಚಮಚ ತುಪ್ಪ, ಕೊನೆಯಲ್ಲಿ ಮೊಸರು ಇಲ್ಲ ಮಜ್ಜಿಗೆ. ಜೊತೆಗೆ ಬೆಳಿಗ್ಗೆ, ಸಂಜೆ ಕಾಫಿ. ನಡುವಿನ ಊಟ ಆಗಲೇ ವೀಗನ್.

ಅಂದಮೇಲೆ ನಡುವಿನ ಊಟ ಕಲಿಸಿಕೊಡುವ ಪುಸ್ತಕಕ್ಕೆ ದುಡ್ಡು ಯಾಕೆ? ನಿಮಗೆ ಬೇಕಾಗಿರುವುದು ಆ ಎರಡು ತುದಿ ಮತ್ತು ಕಾಫಿ. ಅದಕ್ಕೇ ಮೊಸರಿನ ಪುಟ ಅಂದಿದ್ದು.

ಬಾಡೂಟದ ಮನೆಯವರು ನಮ್ಮ ಕಥೆ ಬೇರೆ ಅನ್ನಬಹುದು. ಅಷ್ಟೇನೂ ಬೇರೆ ಅಲ್ಲ. ಸೋಮವಾರ, ಶನಿವಾರ ಹೆಚ್ಚಿನ ಮನೆಗಳಲ್ಲಿ ಬಾಡು ಮಾಡುವುದಿಲ್ಲ. ಶ್ರಾವಣ ಬಂದರೆ ಎಷ್ಟೋ ಮನೆಗಳಲ್ಲಿ ತಿಂಗಳಿಡೀ ಇಲ್ಲ. ಆ ದಿನಗಳ ಅಡುಗೆ ನಿಮ್ಮ ಅಮ್ಮನಿಗೋ ಅಜ್ಜಿಗೋ ಬಾಯಿಪಾಠ. ಇನ್ನು ಬಾಡಿನ ಸಾರಿನ ರುಚಿ ಬಹುಪಾಲು ಇರುವುದು ಮಸಾಲೆಯಲ್ಲಿ. ತೆಂಗಿನಕಾಯಿ, ಧನಿಯ, ಚಕ್ಕೆ, ಲವಂಗ, ಈರುಳ್ಳಿ, ಬೆಳ್ಳುಳ್ಳಿ, ಎಲ್ಲಾ ಗಿಡದಿಂದಲೇ ಬಂದದ್ದು. ಅದೇ ಮಸಾಲೆಗೆ ಹಿದುಕಿದ ಅವರೆಬೇಳೆ ಹಾಕಿ, ಅಣಬೆ ಹಾಕಿ, ಎಳೆ ಹಲಸಿನ ಗುಜ್ಜೆ ಹಾಕಿ. ಇದಕ್ಕೆ ಪೊಟ್ಟಣದ ಸುಳ್ಳು ಮಾಂಸ ಬೇಕೇ ಬೇಕು ಅನ್ನುವ ಪುಸ್ತಕ ನಿಮ್ಮ ಅಡುಗೆಮನೆಯನ್ನು ನೋಡಿಲ್ಲ ಅಂತಲೇ ಅರ್ಥ.

ನಿಧಾನವಾಗಿ ಬದಲಾಗುವುದು ಅಂದರೆ ಹೇಗೆ? ಇದಕ್ಕೆ ನಮ್ಮಲ್ಲೇ ಒಂದು ಹಳೆಯ ಪದ್ಧತಿ ಇದೆ. ಉಡುಪಿ ಕಡೆಯ ಮಾಧ್ವರ ಮನೆಗಳಲ್ಲಿ ಚಾತುರ್ಮಾಸ್ಯ ಹೇಗೆ ನಡೆಯುತ್ತದೆ ನೋಡಿ. ಆಷಾಢದ ಏಕಾದಶಿಯಿಂದ ಕಾರ್ತಿಕದವರೆಗೆ ನಾಲ್ಕು ತಿಂಗಳು, ತಿಂಗಳಿಗೊಂದು ವ್ರತ. ಮೊದಲನೆಯದು ಶಾಕವ್ರತ, ತರಕಾರಿ ಸೊಪ್ಪು ಇಲ್ಲ. ಎರಡನೆಯದು ದಧಿವ್ರತ, ಮೊಸರು ಇಲ್ಲ. ಮೂರನೆಯದು ಕ್ಷೀರವ್ರತ, ಹಾಲು ಇಲ್ಲ. ನಾಲ್ಕನೆಯದು ದ್ವಿದಳವ್ರತ, ಬೇಳೆಕಾಳು ಇಲ್ಲ.

ಇದು ವೀಗನ್ ಅಲ್ಲವೇ ಅಲ್ಲ. ಮೊಸರು ಬಿಟ್ಟ ತಿಂಗಳು ಮಜ್ಜಿಗೆ ನಡೆಯುತ್ತದೆ, ಹಾಲು ಬಿಟ್ಟ ತಿಂಗಳು ಮೊಸರು ಮರಳಿ ಬರುತ್ತದೆ, ತುಪ್ಪವಂತೂ ಇದ್ದೇ ಇದೆ. ಉದ್ದೇಶವೂ ಬೇರೆ. ಹಸುವಿನ ಪಾಡಿಗೂ ಇದಕ್ಕೂ ಸಂಬಂಧ ಇಲ್ಲ. ಇದನ್ನು ತೋರಿಸಿ ನಮ್ಮ ಹಿರಿಯರೆಲ್ಲ ವೀಗನ್ ಆಗಿದ್ದರು ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ನನಗೆ ಇದರಲ್ಲಿ ಹಿಡಿಸಿದ್ದು ಕ್ರಮ. ಒಂದು ಸಲಕ್ಕೆ ಒಂದೇ ಪದಾರ್ಥ ಬಿಡುವುದು. ಅದಕ್ಕೆ ಪೂರ್ತಿ ಒಂದು ತಿಂಗಳು ಕೊಡುವುದು. ಆ ತಿಂಗಳಿಗೆ ಬೇಕಾದ ಅಡುಗೆ ಗೊತ್ತಿರುವುದು. ತರಕಾರಿ ಇಲ್ಲದ ತಿಂಗಳಲ್ಲೂ ಹೆಸರುಬೇಳೆ, ಕಾಳುಮೆಣಸು, ಜೀರಿಗೆ ಇಟ್ಟುಕೊಂಡು ರುಚಿಯಾಗಿ ಉಣ್ಣುತ್ತಾರಲ್ಲ, ಆ ಅನುಭವ ಇದೆಯಲ್ಲ, ಅದು ದೊಡ್ಡದು.

ಇದನ್ನೇ ನಿಮಗೆ ಹೊಂದಿಸಿಕೊಳ್ಳಿ. ಒಂದು ತಿಂಗಳು ಹಾಲಿನ ಕಾಫಿ ಬಿಡಿ, ಉಳಿದದ್ದು ಹಾಗೇ ಇರಲಿ. ಅದು ಅಭ್ಯಾಸವಾದ ಮೇಲೆ ತುಪ್ಪ. ಮೊಸರು ಕೊನೆಗೆ. ಹಾಗಾಗಿ ಪುಸ್ತಕದಲ್ಲಿ ಎರಡನೆಯದಾಗಿ ನೋಡಬೇಕಾದದ್ದು ಇದು: ಯಾವುದೋ ಒಂದು ಪುಟದ ಒಂದು ವಿಷಯ ಹಿಡಿದುಕೊಂಡು ನಾಳೆ ಬೆಳಿಗ್ಗೆ ಶುರು ಮಾಡಬಹುದಾ? ಅಥವಾ ಮೊದಲು ಅಡುಗೆಮನೆಯ ಡಬ್ಬಗಳನ್ನೆಲ್ಲ ಖಾಲಿ ಮಾಡಿ ಅನ್ನುತ್ತದಾ? ಮೂವತ್ತು ದಿನದ ಸವಾಲು, ದಿನಕ್ಕೆ ಮೂರು ಹೊಸ ಅಡುಗೆ ಅನ್ನುವ ಪುಸ್ತಕ ನೋಡಿದರೆ ನನಗೆ ಸುಮ್ನೆ ಸುಸ್ತಾಗುತ್ತದೆ. ಕೆಲಸಕ್ಕೆ ಹೋಗುವವರು ಯಾವಾಗ ಮಾಡಬೇಕು ಅದನ್ನೆಲ್ಲ?

ಸರಿ, ಒಳ್ಳೆಯ ಮೊಸರಿನ ಪುಟದಲ್ಲಿ ಏನಿರಬೇಕು? ನಮ್ಮ ಕಡೆ ಸುಲಭವಾಗಿ ಆಗುವುದು ಕಡಲೆಕಾಯಿ ಮೊಸರು. ಕಡಲೆಕಾಯಿ ಬೀಜ ರಾತ್ರಿ ನೆನೆಸಿ, ನೀರು ಚೆಲ್ಲಿ, ಹೊಸ ನೀರು ಹಾಕಿ ನುಣ್ಣಗೆ ರುಬ್ಬಿ, ಬಟ್ಟೆಯಲ್ಲಿ ಸೋಸಿ, ತಳ ಹಿಡಿಯದಂತೆ ಕೈಯಾಡಿಸುತ್ತಾ ಕಾಯಿಸಬೇಕು. ಉಗುರುಬೆಚ್ಚಗೆ ಆದಮೇಲೆ ಹೆಪ್ಪು. ಹಸುವಿನ ಮೊಸರಿನ ಹೆಪ್ಪು ಬೇಡ ಅನ್ನುವವರು ಮೊದಲ ಸಲ ಹಸಿಮೆಣಸಿನಕಾಯಿಯ ತೊಟ್ಟು ಹಾಕುತ್ತಾರೆ. ಆಮೇಲೆ ಅದೇ ಮೊಸರು ಮುಂದಿನ ಸಲಕ್ಕೆ ಹೆಪ್ಪು. ಇಷ್ಟು ಎಲ್ಲರೂ ಬರೆಯುತ್ತಾರೆ. ನಾನು ಹುಡುಕುವುದು ಇದರ ಮುಂದಿನ ಸಾಲುಗಳನ್ನು. ಗಟ್ಟಿ ಆಗದೆ ನೀರು ಬೇರೆಯಾದರೆ ಏನು ಮಾಡಬೇಕು? ಚಳಿಗಾಲದಲ್ಲಿ ಎಷ್ಟು ಹೊತ್ತು ಇಡಬೇಕು? ಕಡಲೆಕಾಯಿ ವಾಸನೆ ಬರುತ್ತದಲ್ಲ, ಅದಕ್ಕೇನು ಮಾಡಬೇಕು? ಆ ವಾಸನೆ ಸ್ವಲ್ಪ ಇದ್ದೇ ಇರುತ್ತದೆ ಅಂತ ನೇರವಾಗಿ ಹೇಳಿ, ಸಾಸಿವೆ, ಇಂಗು, ಶುಂಠಿ, ಕರಿಬೇವು ಒಗ್ಗರಣೆ ಕೊಟ್ಟರೆ ಮೊಸರನ್ನಕ್ಕೆ ನಡೆಯುತ್ತದೆ ಅಂತ ಬರೆದವರನ್ನು ನಂಬುತ್ತೇನೆ. ಹಸುವಿನ ಮೊಸರಿಗೂ ಇದಕ್ಕೂ ವ್ಯತ್ಯಾಸವೇ ಗೊತ್ತಾಗುವುದಿಲ್ಲ ಅಂತ ಬರೆದವರನ್ನು ನಂಬುವುದಿಲ್ಲ.

ಕಾಫಿ ಪುಟಕ್ಕೂ ಇದೇ ಮಾತು. ಬಿಸಿ ಡಿಕಾಕ್ಷನ್ನಿಗೆ ಸೋಯಾ ಹಾಲು ಸುರಿದರೆ ಒಡೆಯುತ್ತದೆ. ಕಾಫಿಯಲ್ಲಿ ಹುಳಿ ಇದೆ, ಜೊತೆಗೆ ಬಿಸಿ ಸೇರಿದರೆ ಸೋಯಾದ ಪ್ರೋಟೀನ್ ಗಡ್ಡೆ ಕಟ್ಟುತ್ತದೆ. ಹಾಲನ್ನು ಕುದಿಸದೆ ಬೆಚ್ಚಗೆ ಮಾಡಿ, ಡಿಕಾಕ್ಷನ್ ಸ್ವಲ್ಪ ಆರಿಸಿ, ಹಾಲಿಗೆ ಅದನ್ನು ನಿಧಾನವಾಗಿ ಬೆರೆಸಿದರೆ ಒಡೆಯುವುದು ಕಡಿಮೆ. ಇಷ್ಟನ್ನು ಬರೆದಿದ್ದರೆ ಆ ಲೇಖಕರು ನಿಜವಾಗಿ ಮಾಡಿ ನೋಡಿದ್ದಾರೆ ಅಂತ ಗೊತ್ತಾಗುತ್ತದೆ.

ತುಪ್ಪ, ಸಿಹಿ ವಿಷಯದಲ್ಲಿ ಪುಸ್ತಕ ಜಾಸ್ತಿ ಬೇಕಾಗುವುದಿಲ್ಲ. ಒಬ್ಬಟ್ಟಿಗೆ ಕಾಯಿಹಾಲು ಹಾಕಿಕೊಂಡು ತಿನ್ನುವವರು ನಾವು. ಒತ್ತುಶಾವಿಗೆಗೂ ಕಾಯಿಹಾಲೇ. ಗಸಗಸೆ ಪಾಯಸಕ್ಕೆ ತೆಂಗಿನಕಾಯಿ, ಬೆಲ್ಲ ಇದ್ದರೆ ಆಯಿತು. ಮೈಸೂರ್ ಪಾಕ್ ಒಂದು ಕಷ್ಟ, ಒಪ್ಪುತ್ತೇನೆ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿ. ಬಿ12 ಬಗ್ಗೆ ಸರಿಯಾಗಿ ಬರೆಯದ ವೀಗನ್ ಪುಸ್ತಕ ಎಷ್ಟು ಚೆನ್ನಾಗಿದ್ದರೂ ತಗೊಳ್ಳಬೇಡಿ. ಈ ವಿಟಮಿನ್ ಸೊಪ್ಪು, ಕಾಳು, ಹಣ್ಣುಗಳಲ್ಲಿ ನಂಬುವಷ್ಟು ಸಿಗುವುದಿಲ್ಲ. ಇಡ್ಲಿ ಹಿಟ್ಟು ಹುಳಿ ಬಂದರೆ ಸಾಕು, ಸ್ಪಿರುಲಿನಾ ಅನ್ನುವ ಪಾಚಿಯ ಪುಡಿ ತಿಂದರೆ ಸಾಕು ಅಂತ ಬರೆದಿದ್ದರೆ ಅದು ತಪ್ಪು. ಮಾತ್ರೆ ಬೇಕು, ಇಲ್ಲವೇ ಬಿ12 ಸೇರಿಸಿದ ಆಹಾರ ಬೇಕು. ಹಾಲು ಕುಡಿಯುವ ಸಸ್ಯಾಹಾರಿಗಳಲ್ಲೇ ಎಷ್ಟೋ ಜನಕ್ಕೆ ಇದರ ಕೊರತೆ ಇದೆ. ಹಾಲು ಬಿಡುವ ಮೊದಲೇ ಒಂದು ರಕ್ತಪರೀಕ್ಷೆ ಮಾಡಿಸಿ, ವೈದ್ಯರನ್ನು ಕೇಳಿ.

ಹಾಲು ಬಿಟ್ಟರೆ ಮೂಳೆ ಗತಿ ಏನು ಅಂತ ಮನೆಯವರು ಕೇಳಿಯೇ ಕೇಳುತ್ತಾರೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಇರುವುದು 120ರ ಆಸುಪಾಸು. ಆದರೆ ರಾಗಿಯದ್ದೆಲ್ಲ ಮೈಗೆ ಹತ್ತುವುದಿಲ್ಲ, ಅದರಲ್ಲಿರುವ ಫೈಟೇಟ್ ಅನ್ನುವ ಅಂಶ ತಡೆಯುತ್ತದೆ. ಮೊಳಕೆ ಕಟ್ಟಿ ಹಿಟ್ಟು ಮಾಡಿಸಿದರೆ ಆ ತಡೆ ಕಡಿಮೆಯಾಗುತ್ತದೆ. ಜೊತೆಗೆ ಎಳ್ಳು, ನುಗ್ಗೆಸೊಪ್ಪು ಇರಲಿ. ಒಬ್ಬ ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕು ಅಂತ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದೆ. ಮುದ್ದೆಯೊಂದರ ಮೇಲೆಯೇ ಭಾರ ಹಾಕಬೇಡಿ.

ಅಂಗಡಿಯಲ್ಲಿ ಪೊಟ್ಟಣದ ಹಸಿರು ಚುಕ್ಕೆ ನೋಡಿ ಮೋಸಹೋಗಬೇಡಿ. ಅದು ಸಸ್ಯಾಹಾರದ ಗುರುತು, ಹಾಲು, ಜೇನುತುಪ್ಪ ಎರಡೂ ಅದರಡಿ ಬರುತ್ತವೆ. ವೀಗನ್ ಆಹಾರಕ್ಕೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2022ರಲ್ಲಿ ಬೇರೆ ನಿಯಮ ತಂದಿದೆ. ಅದರ ಗುರುತು ಎಲೆ ಚಿಗುರಿದ ಹಸಿರು ‘ವಿ’ ಅಕ್ಷರ.

ಕೊನೆಗೆ ಒಂದು ಪ್ರಶ್ನೆ. ನಿಮ್ಮ ಮನೆಯಲ್ಲಿ ಅಡುಗೆ ಮಾಡುವವರು ಯಾರು? ವೀಗನ್ ಆಗುತ್ತಿರುವುದು ಮಗ, ಅಡುಗೆ ಮಾಡುತ್ತಿರುವುದು ಅಮ್ಮ, ಪುಸ್ತಕ ಇಂಗ್ಲಿಷಿನಲ್ಲಿ, ಅದೂ ಮಗನ ಕೋಣೆಯಲ್ಲಿ. ಇದು ನಡೆಯುತ್ತದಾ? ನೀವೇ ಅಡುಗೆ ಮಾಡುವುದಾದರೆ ನಿಮಗೆ ಬೇಕಾದ ಭಾಷೆಯ ಪುಸ್ತಕ ತಗೊಳ್ಳಿ. ಅಮ್ಮ ಮಾಡುವುದಾದರೆ ಅವರು ಕೂತು ಓದುವಂಥದ್ದನ್ನು ತನ್ನಿ. ಕನ್ನಡದಲ್ಲಿ ವೀಗನ್ ಅಂತಲೇ ಬರೆದ ಪುಸ್ತಕ ಹುಡುಕುತ್ತಾ ಕೂರಬೇಕಾಗಿಲ್ಲ. ಬೆಂಗಳೂರಿನಲ್ಲಿದ್ದರೆ ಅವೆನ್ಯೂ ರಸ್ತೆಯ ಹಳೆ ಪುಸ್ತಕದ ಅಂಗಡಿಗಳಿಗೆ ಹೋಗಿ. ಫೋಟೋ ಇಲ್ಲದ, ತೆಳ್ಳಗಿನ, ‘ರುಚಿಗೆ ತಕ್ಕಷ್ಟು ಉಪ್ಪು’ ಅಂತ ಬರೆದ ಸಾದಾ ಅಡುಗೆ ಪುಸ್ತಕಗಳು ಸಿಗುತ್ತವೆ. ನಿಮ್ಮ ಸೀಮೆಯದ್ದೇ ಒಂದು ಆರಿಸಿಕೊಳ್ಳಿ. ಪೆನ್ಸಿಲ್ ಹಿಡಿದು ಹಾಲು, ಮೊಸರು, ತುಪ್ಪ ಬಂದ ಕಡೆಯೆಲ್ಲ ಗೆರೆ ಎಳೆಯುತ್ತಾ ಹೋಗಿ. ಎಷ್ಟು ಪುಟಗಳಿಗೆ ಗೆರೆಯೇ ಬೇಕಾಗಲಿಲ್ಲ ಅಂತ ಕೆಳಗೆ ಬರೆದು ತಿಳಿಸಿ, ಯಾವ ಸೀಮೆಯ ಪುಸ್ತಕ ಅನ್ನುವುದನ್ನೂ ಸೇರಿಸಿ. ಮಜ್ಜಿಗೆಹುಳಿಗೆ ಯಾರಾದರೂ ದಾರಿ ಕಂಡುಕೊಂಡಿದ್ದರೆ ಅದನ್ನು ಮೊದಲು ಬರೆಯಿರಿ.